ಕಿಲೋಗೆ ಎಷ್ಟು ಬಿತ್ತು?

2025ರ ಮಾರ್ಚ್ 31ರಂದು ನಂದಿನಿ ನೀಲಿ ಪ್ಯಾಕೆಟ್ಟು, ಚಿಕ್ಕದು, 24 ರೂಪಾಯಿ. ಮರುದಿನ ಏಪ್ರಿಲ್ 1ರಂದೂ 24 ರೂಪಾಯಿ. ಆದರೂ ಆ ಬೆಳಿಗ್ಗೆ ಹಾಲು ತುಟ್ಟಿಯಾಗಿತ್ತು. ಹಿಂದಿನ ದಿನದ ಪ್ಯಾಕೆಟ್ಟಿನಲ್ಲಿ 550 ಮಿಲಿ ಇತ್ತು, ಅವತ್ತಿನದರಲ್ಲಿ 500.

ಇದರ ಬೇರು ಇರುವುದು 2024ರ ಜೂನ್‌ನಲ್ಲಿ. ಆಗ ನಂದಿನಿ ಹಾಲು ಮಾರುವ ಕೆಎಂಎಫ್ ಒಂದೊಂದು ಪ್ಯಾಕೆಟ್ಟಿಗೂ 50 ಮಿಲಿ ಹಾಲು ಸೇರಿಸಿ 2 ರೂಪಾಯಿ ಜಾಸ್ತಿ ಮಾಡಿತು. 22 ರೂಪಾಯಿಯ ಅರ್ಧ ಲೀಟರು 24 ರೂಪಾಯಿಯ 550 ಮಿಲಿ ಆಯಿತು, 42ರ ಲೀಟರು 44ರ 1,050 ಮಿಲಿ ಆಯಿತು. ಬೆಲೆ ಏರಿಸಿಲ್ಲ, ಹಾಲು ಹೆಚ್ಚು ಕೊಟ್ಟು ಅದಕ್ಕೆ ತಕ್ಕ ದುಡ್ಡು ತಗೊಂಡಿದ್ದೇವೆ ಎಂಬುದು ಆಗಿನ ಸಮಜಾಯಿಷಿ. ಮೈಸೂರಿನ ನಮ್ಮ ಸರಸ್ವತಿಪುರಂ ಬೂತಿನ ಮುಂದೆ ಆ ಮಾತಿಗೆ ನಗದವರಿಲ್ಲ. ಭಾಗಿಸಿ ನೋಡಿದರೆ ಮಾತು ಸರಿಯಾಗೇ ಇತ್ತು. ಲೀಟರಿಗೆ 44 ಬೀಳುತ್ತಿದ್ದ ಚಿಕ್ಕ ಪ್ಯಾಕೆಟ್ಟು 43 ರೂಪಾಯಿ 64 ಪೈಸೆಗೆ ಇಳಿದಿತ್ತು. ಮುಂದಿನ ವರ್ಷ ಆ 50 ಮಿಲಿಯನ್ನು ವಾಪಸ್ ತೆಗೆದು ಲೀಟರಿಗೆ 4 ರೂಪಾಯಿ ಏರಿಸಿದಾಗ, ಚಿಕ್ಕ ಪ್ಯಾಕೆಟ್ಟಿನ 24 ಇದ್ದಲ್ಲೇ ಇತ್ತು, ಅದರ ಲೀಟರ್ ಲೆಕ್ಕದ ದರ 48ಕ್ಕೆ ಹೋಯಿತು. ಹೀಗಾಗಿ ದರ ಒಂದಿಷ್ಟು ಪೈಸೆ ಇಳಿದ ವರ್ಷ ಜನ ಬೈದರು. ಅದು 4 ರೂಪಾಯಿಗಿಂತ ಹೆಚ್ಚು ಏರಿದ ವರ್ಷ, ಚಿಕ್ಕ ಪ್ಯಾಕೆಟ್ಟಿನವರಲ್ಲಿ ಕೆಲವರು 'ನಮ್ಮದೇನೂ ಏರಿಲ್ವಲ್ಲ' ಅಂದುಕೊಂಡು ಮನೆಗೆ ಹೋದರು.

ಏರಿಸಿದ್ದರ ಬಗ್ಗೆ ನನ್ನ ತಕರಾರಿಲ್ಲ. ಆ ದುಡ್ಡು ಹಾಲು ಹಾಕುವವರಿಗೆ ಹೋಗಬೇಕೆಂದೇ ಸರ್ಕಾರ ಹೇಳಿತ್ತು, ಮದ್ದೂರು, ಪಾಂಡವಪುರದ ಕಡೆ ಹಸು ಕಟ್ಟಿದವರ ಹಿಂಡಿ ಬೂಸಾದ ಖರ್ಚು ಕೇಳಿದವರಿಗೆ 4 ರೂಪಾಯಿ ಜಾಸ್ತಿ ಅನ್ನಿಸುವುದೂ ಇಲ್ಲ. ನನ್ನನ್ನು ಕಾಡುವುದು ಬೇರೆ. ಪ್ಯಾಕೆಟ್ಟಿನ ಮೇಲಿನ ದೊಡ್ಡ ಅಂಕಿ ಒಂದನ್ನೇ ನೋಡುವ ಕಣ್ಣು ನಮಗೆ ಯಾವಾಗ ಬಂತು ಎಂಬುದು.

ಯಾಕೆಂದರೆ ಸಂತೆಯಲ್ಲಿ ನಮ್ಮ ಕಣ್ಣು ಹಾಗಿಲ್ಲ. ಸಂತೆಪೇಟೆಯ ಯಾವುದಾದರೂ ಹಳೆ ಅಕ್ಕಿ ಅಂಗಡಿಗೆ ಹೋಗಿ ನೋಡಿ. ಬಾಯಿ ತೆರೆದ ಚೀಲಗಳ ಸಾಲು, ಒಂದೊಂದು ಚೀಲದ ರಾಶಿಗೂ ಚುಚ್ಚಿದ ರಟ್ಟಿನ ತುಂಡು, ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 52, 56, 64. ಅಷ್ಟೇ. ರೂಪಾಯಿ ಗುರುತೂ ಇಲ್ಲ, ಕೆಜಿ ಎಂದೂ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ. ಒಳಗೆ ಕಾಲಿಟ್ಟವರೆಲ್ಲ ಕಿಲೋ ಲೆಕ್ಕದಲ್ಲೇ ಯೋಚಿಸುತ್ತಾರೆ. ನಾವು ಎಷ್ಟು ತೂಗಿಸಿಕೊಂಡರೂ ದರ ಮೊದಲು ಕಾಣುತ್ತದೆ, ಒಟ್ಟು ದುಡ್ಡು ಕೊನೆಗೆ ಬರುತ್ತದೆ. ಪ್ಯಾಕೆಟ್ಟಿನಲ್ಲಿ ಈ ಕ್ರಮವೇ ತಲೆಕೆಳಗು. ಒಟ್ಟು ದುಡ್ಡು ಮೊದಲು, ತೂಕ ಹಿಂಬದಿಯ ಮಡಿಕೆಯಲ್ಲಿ, ದರ ಎಲ್ಲೋ.

'ಎಲ್ಲೋ' ಅಂದೆ, 'ಇಲ್ಲ' ಅನ್ನಲಿಲ್ಲ. ಈಗ ಅದು ಇದೆ. ಪೊಟ್ಟಣ ಸಾಮಗ್ರಿಗಳ 2011ರ ಕೇಂದ್ರ ನಿಯಮಗಳಿಗೆ 2021ರ ನವೆಂಬರ್‌ನಲ್ಲಿ ಒಂದು ತಿದ್ದುಪಡಿ ಬಂತು. 2022ರ ಏಪ್ರಿಲ್‌ಗೆ ಜಾರಿಯಾಗಬೇಕಾದದ್ದು ಮುಂದಕ್ಕೆ ಹೋಗಿ, ಆಮೇಲೆ ಬಂದೇ ಬಂತು. ಎಂಆರ್‌ಪಿ ಜೊತೆಗೆ ಗ್ರಾಮಿಗೆ, ಕೆಜಿಗೆ, ಮಿಲಿಗೆ ಅಥವಾ ಲೀಟರಿಗೆ ಎಷ್ಟು ಎಂದೂ ಅಚ್ಚು ಹಾಕಬೇಕು. ಇದೇ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. ಅಲ್ಲಿಯವರೆಗೆ ಚಹಾ, ಕಾಫಿ, ಬಿಸ್ಕತ್ತು, ಅಡುಗೆ ಎಣ್ಣೆ, ಉಪ್ಪು, ಸಾಬೂನಿನಂಥ ಕೆಲವು ಸರಕುಗಳನ್ನು ಇಂತಿಷ್ಟೇ ತೂಕದ ಪೊಟ್ಟಣದಲ್ಲಿ ಮಾರಬೇಕು ಎಂಬ ಪಟ್ಟಿಯೊಂದಿತ್ತು, ಅದನ್ನು ತೆಗೆದುಹಾಕಿತು. ಯಾವ ತೂಕವಾದರೂ ತುಂಬಿಕೊಳ್ಳಿ, ದರ ಮಾತ್ರ ಬರೆಯಿರಿ ಎಂಬ ಒಪ್ಪಂದ. ಕೇಳಲು ನ್ಯಾಯವಾಗೇ ಇದೆ.

ಒಂದು ಪೊಟ್ಟಣ ಕೈಗೆ ತಗೊಂಡು ನೋಡಿದರೆ ಗೊತ್ತಾಗುತ್ತದೆ ಒಪ್ಪಂದದಲ್ಲಿ ಯಾರ ಕೈ ಮೇಲಾಯಿತು ಅಂತ. ನಿಯಮದ ಪ್ರಕಾರ ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಮಿನ ಲೆಕ್ಕ, ಜಾಸ್ತಿ ಇದ್ದರೆ ಕೆಜಿ ಲೆಕ್ಕ. ದರವನ್ನು ರೂಪಾಯಿಯಲ್ಲಿ, ಎರಡು ದಶಮಾಂಶಕ್ಕೆ ಸರಿಹೊಂದಿಸಿ ಬರೆಯಬೇಕು. ಈಗ ಅಕ್ಕಿಹಿಟ್ಟಿನ ಎರಡು ಪೊಟ್ಟಣ ಇಟ್ಟುಕೊಳ್ಳೋಣ. ಒಂದು 500 ಗ್ರಾಂ, 28 ರೂಪಾಯಿ. ಇನ್ನೊಂದು 400 ಗ್ರಾಂ, 25 ರೂಪಾಯಿ. ಮೊದಲನೆಯದು ಗ್ರಾಮಿಗೆ 0.056, ಎರಡನೆಯದು 0.0625. ಎರಡು ದಶಮಾಂಶಕ್ಕೆ ತಂದರೆ ಎರಡೂ 0.06! ಕಿಲೋಗೆ 56 ರೂಪಾಯಿಯ ಹಿಟ್ಟೂ 62 ರೂಪಾಯಿ 50 ಪೈಸೆಯ ಹಿಟ್ಟೂ ಅಚ್ಚಿನಲ್ಲಿ ಒಂದೇ ದರ. ಗ್ರಾಮಿಗೆ ಅರ್ಧ ಪೈಸೆ ಆಚೀಚೆಯಾದರೆ ಕಿಲೋಗೆ 5 ರೂಪಾಯಿ ಆಚೀಚೆ. ಆದ್ದರಿಂದ 0.06 ಎಂಬ ಅಂಕಿ 55ರಿಂದ 65 ರೂಪಾಯಿವರೆಗೆ ಯಾವುದನ್ನು ಬೇಕಾದರೂ ಹೇಳುತ್ತಿರಬಹುದು. ಏಲಕ್ಕಿ, ಕೇಸರಿಯಂಥ ದುಬಾರಿ ಸಾಮಾನಿಗೆ ಇದರಿಂದ ಏನೂ ಆಗುವುದಿಲ್ಲ. ಹಿಟ್ಟು, ರವೆ, ಅವಲಕ್ಕಿ, ಬೆಲ್ಲ, ಅಂದರೆ ಅಗ್ಗದ ಮತ್ತು ದಿನಾ ಬೇಕಾದ ಸಾಮಾನಿಗೇ ಈ ಅಂಕಿ ಮಂಜು ಮಂಜು.

ಇನ್ನು 900 ಗ್ರಾಮಿನ ಪೊಟ್ಟಣವನ್ನು 1.2 ಕೆಜಿ ಪೊಟ್ಟಣದ ಜೊತೆ ಹೋಲಿಸಬೇಕೆಂದರೆ ಒಂದು ಕಡೆ ಗ್ರಾಂ, ಇನ್ನೊಂದು ಕಡೆ ಕೆಜಿ. ಸಾವಿರದಿಂದ ಗುಣಿಸುವ ಕೆಲಸ ನಮ್ಮ ಪಾಲಿಗೆ ಉಳಿಯಿತು. ಎಲ್ಲದಕ್ಕೂ ಕಿಲೋ ಲೆಕ್ಕವನ್ನೇ ಬರೆಯಿರಿ ಎಂದು ಒಂದು ಸಾಲು ಹಾಕಿದ್ದರೆ ಮುಗಿಯುತ್ತಿತ್ತು. 100 ಗ್ರಾಂ ಜೀರಿಗೆಗೂ ನಮ್ಮ ಜನ 'ಕೆಜಿಗೆ ಎಷ್ಟು' ಅಂತಲೇ ಕೇಳುವುದು. ಗ್ರಾಮಿಗೆ ಎಷ್ಟು ಎಂದು ಕೇಳುವುದು ಅಶೋಕ ರಸ್ತೆಯ ಚಿನ್ನದಂಗಡಿಯಲ್ಲಿ ಮಾತ್ರ.

ಇನ್ನೂ ಒಂದು ತೊಡಕಿದೆ. ಅಚ್ಚಾದ ದರ ಎಂಆರ್‌ಪಿಯಿಂದ ತೆಗೆದದ್ದು. ಸೂಪರ್ ಮಾರ್ಕೆಟ್ಟಿನಲ್ಲಿ ಎಂಆರ್‌ಪಿಗೆ ಯಾರು ಮಾರುತ್ತಾರೆ? ಒಂದಕ್ಕೆ 12 ರೂಪಾಯಿ ಕಡಿತ, ಇನ್ನೊಂದಕ್ಕೆ 30, ಮತ್ತೊಂದಕ್ಕೆ ಎರಡು ಕೊಂಡರೆ ಒಂದು ಪುಕ್ಕಟೆ. ಅಲ್ಲಿಗೆ ಪೊಟ್ಟಣದ ಮೇಲಿನ ದರ ಕೆಲಸಕ್ಕೆ ಬಾರದು. ಯುರೋಪಿನ ದೇಶಗಳಲ್ಲಿ 1998ರ ನಿರ್ದೇಶನವೊಂದರ ನಂತರ ಈ ಜವಾಬ್ದಾರಿಯನ್ನು ಅಂಗಡಿಯವರ ಮೇಲೆ ಹಾಕಿದ್ದಾರೆ. ಕಪಾಟಿನ ಅಂಚಿನ ಚೀಟಿಯಲ್ಲಿ, ಅವತ್ತು ಮಾರುವ ಬೆಲೆಯ ಪಕ್ಕದಲ್ಲೇ, ಕಿಲೋ ದರ ಇರಬೇಕು. ನಮ್ಮಲ್ಲಿ ಅದು ತಯಾರಕರ ತಲೆಗೆ ಬಂತು. ಕಾರ್ಖಾನೆಯಲ್ಲಿ ಅಚ್ಚಾದ ದರಕ್ಕೆ ಕುವೆಂಪುನಗರದ ಅಂಗಡಿಯ ಭಾನುವಾರದ ಆಫರ್ ಹೇಗೆ ಗೊತ್ತಾಗಬೇಕು?

ಹಾಗಾಗಿ ನಾನು ಫೋನಿನ ಕ್ಯಾಲ್ಕುಲೇಟರ್ ತೆಗೆಯುವವರ ಜಾತಿಗೆ ಸೇರಿದವನು. ಕಪಾಟಿನ ಮುಂದೆ ನಿಂತು ಒತ್ತುತ್ತಿದ್ದರೆ ಪಕ್ಕದವರು ಒಂಥರಾ ನೋಡುತ್ತಾರೆ, ನೋಡಲಿ. ಅಮ್ಮನಿಗೆ ಇದೆಲ್ಲ ಬೇಕಿಲ್ಲ. ಮಂಡ್ಯದ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿದ ಕೊನೆಯ ತಲೆಮಾರು ಅವಳದು. 250 ಗ್ರಾಂ ಅಂದರೆ ನಾಲ್ಕರಿಂದ, 125 ಅಂದರೆ ಎಂಟರಿಂದ, 200 ಅಂದರೆ ಐದರಿಂದ ಗುಣಿಸಿ ಕಿಲೋ ದರವನ್ನು ಬಾಯಲ್ಲೇ ಹೇಳುತ್ತಾಳೆ. ಹಳೆಯ ಪಟ್ಟಿಯ ತೂಕಗಳೆಲ್ಲ ಹೆಚ್ಚುಕಡಿಮೆ ಅಂಥವೇ, ಕಿಲೋದೊಳಗೆ ಸಲೀಸಾಗಿ ಕೂರುವಂಥವು. ಈಗಿನ 180 ಗ್ರಾಂ, 430 ಗ್ರಾಂ, 870 ಮಿಲಿಗೆ ಯಾವ ಮಗ್ಗಿಯೂ ಇಲ್ಲ. 'ಇದ್ಯಾವ ಸೀಮೆ ತೂಕ' ಎಂದು ಅವಳು ಪೊಟ್ಟಣ ವಾಪಸ್ ಇಡುತ್ತಾಳೆ. ಅವಳ ಅನುಮಾನ ನನಗೆ ಸರಿ ಅನ್ನಿಸುತ್ತದೆ. ಸುಲಭವಾಗಿ ಭಾಗವಾಗದ ತೂಕವನ್ನು ಯಾರೂ ಸುಮ್ಮನೆ ಆರಿಸುವುದಿಲ್ಲ.

ಎಣ್ಣೆಯ ಕಪಾಟಿಗೆ ಬಂದರೆ ಕ್ಯಾಲ್ಕುಲೇಟರೂ ಸಾಲದು. ಒಂದು ಲೀಟರ್ ಅಡುಗೆ ಎಣ್ಣೆ ಒಂದು ಕೆಜಿ ತೂಗುವುದಿಲ್ಲ, ಸುಮಾರು 910 ಗ್ರಾಂ. ಪಕ್ಕಪಕ್ಕದಲ್ಲಿ ಎರಡು ಪೌಚ್ ಇವೆ ಎನ್ನಿ, ನೋಡಲು ಅಣ್ಣತಮ್ಮಂದಿರ ಹಾಗೆ. ಒಂದು 1 ಲೀಟರ್, 155 ರೂಪಾಯಿ. ಇನ್ನೊಂದರ ಮೇಲೆ 850 ಗ್ರಾಂ, 148 ರೂಪಾಯಿ. ಅಂಕಿ ನೋಡಿದ ತಕ್ಷಣ ಎರಡನೆಯದು ಅಗ್ಗ ಎನ್ನಿಸುತ್ತದೆ. ಸ್ವಲ್ಪ ಲೆಕ್ಕ ಬಲ್ಲವರು 850ನ್ನು ಸಾವಿರಕ್ಕೆ ಏರಿಸಿ 174 ರೂಪಾಯಿ ಅಂದು ಅದನ್ನು 155ರ ಪಕ್ಕ ಇಟ್ಟು, 'ಅಬ್ಬಾ, 19 ರೂಪಾಯಿ ವ್ಯತ್ಯಾಸ' ಅನ್ನುತ್ತಾರೆ. ಅದೂ ತಪ್ಪೇ. ಅಲ್ಲಿ ಹೋಲಿಸಿದ್ದು ಕೆಜಿಯನ್ನು ಲೀಟರಿನ ಜೊತೆ. ಲೀಟರಿನ ಪೌಚನ್ನೂ ಕೆಜಿಗೆ ತಂದರೆ 170 ರೂಪಾಯಿ ಚಿಲ್ಲರೆ. ವ್ಯತ್ಯಾಸ ಕೆಜಿಗೆ ನಾಲ್ಕೇ ರೂಪಾಯಿ, ಮೊದಲನೆಯದು ಅಗ್ಗ.

ಇದರಲ್ಲಿ ಬಿಸಿಲಿನ ಆಟವೂ ಒಂದಿತ್ತು. ಎಣ್ಣೆ ಕಾದರೆ ಹಿಗ್ಗುತ್ತದೆ. ಕೆಲವು ಕಂಪನಿಗಳು ಪೊಟ್ಟಣದ ಅಳತೆಯ ಪಕ್ಕದಲ್ಲಿ ಇಷ್ಟು ಡಿಗ್ರಿ ತಾಪಮಾನದಲ್ಲಿ ಎಂದು ಸಣ್ಣದಾಗಿ ಬರೆಯುತ್ತಿದ್ದವು, ಕೆಲವೊಮ್ಮೆ 60 ಡಿಗ್ರಿ ಎಂದೂ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ ಲೆಕ್ಕ ಕೊಟ್ಟಿತು: ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919.1 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ. ಲೀಟರು ಅದೇ, ಎಣ್ಣೆ 26.5 ಗ್ರಾಂ ಕಡಿಮೆ. ತಾಪಮಾನದ ನೆಪ ಬಿಟ್ಟು ಅಳತೆಯ ಜೊತೆ ತೂಕವನ್ನೂ ಬರೆಯಿರಿ ಎಂದು ಆಗ ಇಲಾಖೆ ಕಂಪನಿಗಳಿಗೆ ಸೂಚಿಸಿತು. ಈಗ ಲೀಟರಿನ ಪಕ್ಕ ಗ್ರಾಂ ಕಾಣುವುದು ಅದಕ್ಕೇ. ನಾನು ನೋಡುವುದು ಆ ಗ್ರಾಮನ್ನೊಂದೇ. ಬಡಾವಣೆಗಳಲ್ಲಿ ಈಚೆಗೆ ಎದ್ದಿರುವ ಗಾಣದೆಣ್ಣೆ ಅಂಗಡಿಗಳಲ್ಲೂ ಮೊದಲ ಪ್ರಶ್ನೆ ಇದೇ ಆಗಬೇಕು, ಹೇಳುತ್ತಿರುವ ದರ ಕೆಜಿಗೋ ಲೀಟರಿಗೋ. ಲೀಟರಿಗೆ 300 ಅಂದರೆ ಕೆಜಿಗೆ 330 ಅಂತ ಅರ್ಥ.

ಅಕ್ಕಿಯ ಮೂಟೆಯದು ಇನ್ನೊಂದು ಕಥೆ. ನಮ್ಮ ಮನೆಗೆ ಸೋನಾ ಮಸೂರಿ ಮೂಟೆ ಬರುತ್ತಿದ್ದಾಗ ಅದು 25 ಕೆಜಿ. ಈಗ ಮಂಡ್ಯ, ಮೈಸೂರಿನ ಯಾವ ಅಂಗಡಿಗೆ ಹೋದರೂ 26 ಕೆಜಿ ಚೀಲದ ರಾಶಿ. ಅಕ್ಕಿ ಗಿರಣಿಯವರಿಗೆ ನಮ್ಮ ಮೇಲೆ ಒಂದು ಕೆಜಿಯಷ್ಟು ಪ್ರೀತಿ ಉಕ್ಕಿತು ಅಂತಲ್ಲ. 2022ರ ಜುಲೈ 18ರಿಂದ 25 ಕೆಜಿವರೆಗಿನ ಮೊಹರು ಮಾಡಿದ, ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು. 25 ದಾಟಿದ ಚೀಲಕ್ಕೆ ಇಲ್ಲ. ಒಂದು ಕೆಜಿ ಜಾಸ್ತಿ ತುಂಬಿದರೆ ತೆರಿಗೆಯೇ ಇಲ್ಲ ಎಂದಾಗ ಯಾರು ತುಂಬುವುದಿಲ್ಲ? ಅದರಿಂದ ಕೊಳ್ಳುವವನಿಗೂ ಲಾಭವೇ ಇರಬಹುದು. ಆದರೆ 26ರಿಂದ ಭಾಗಿಸುವ ಶಿಕ್ಷೆ ಬೇರೆ. 25ರಿಂದ ಭಾಗಿಸುವುದು ಸುಲಭ, ನಾಲ್ಕರಿಂದ ಗುಣಿಸಿ ಎರಡು ಸೊನ್ನೆ ತೆಗೆದರೆ ಆಯಿತು. 1,400ರ 25 ಕೆಜಿ, ಕೆಜಿಗೆ 56. 1,450ರ 26 ಕೆಜಿ? 55 ರೂಪಾಯಿ 77 ಪೈಸೆ. ಐವತ್ತು ರೂಪಾಯಿ ಜಾಸ್ತಿ ಅನ್ನಿಸಿದ ಮೂಟೆಯೇ ಅಗ್ಗ. ನಾನು ಮಾಡುವ ಉಪಾಯ ಇಷ್ಟು: 26 ಇಂಟು 50 ಅಂದರೆ 1,300, ಅಲ್ಲಿಂದ ಮೇಲಕ್ಕೆ ಪ್ರತಿ 26 ರೂಪಾಯಿಗೆ ಕೆಜಿಗೆ ಒಂದೊಂದು ರೂಪಾಯಿ ಸೇರಿಸುತ್ತಾ ಹೋಗುವುದು.

ದೊಡ್ಡದು ಕೊಂಡರೆ ಅಗ್ಗ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹಾಲಿನ ವಿಷಯದಲ್ಲಿ ನಿಜವೇ. ಆ ಏಪ್ರಿಲ್ ದರದ ಪ್ರಕಾರ ಲೀಟರಿನ ಪ್ಯಾಕೆಟ್ಟು 46, ಎರಡು ಅರ್ಧ ಲೀಟರು 48. ದಿನಕ್ಕೆ ಎರಡು ರೂಪಾಯಿ, ವರ್ಷಕ್ಕೆ 730. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಎಂದು ಕೊಳ್ಳುವವರು ಲೆಕ್ಕ ಬಾರದವರೇನಲ್ಲ. ಮನೆಯಲ್ಲಿ ಫ್ರಿಡ್ಜ್ ಇಲ್ಲದವರು, ಅಥವಾ ಸಂಜೆಯ ಕೂಲಿ ಕೈಗೆ ಬಂದ ಮೇಲೆ ಸಂಜೆಯ ಹಾಲು ಕೊಳ್ಳುವವರು. ಕಡಿಮೆ ದರ ಸಿಗುವುದಕ್ಕೂ ಮೊದಲು ಸ್ವಲ್ಪ ದುಡ್ಡು, ಸ್ವಲ್ಪ ಜಾಗ ಬೇಕು. ಯೂನಿಟ್ ದರ, ಅಂದರೆ ಕಿಲೋಗೆ ಲೀಟರಿಗೆ ಎಷ್ಟು ಎಂಬುದನ್ನು, ನೋಡಿ ಕೊಳ್ಳಿ ಎಂದು ಉಪದೇಶ ಮಾಡುವವರ ಬಾಯಲ್ಲಿ ಈ ಮಾತು ಬರುವುದು ಕಡಿಮೆ.

ಶಾಂಪೂ ಈ ನಂಬಿಕೆಗೆ ಚೆನ್ನಾಗಿ ಏಟು ಕೊಡುತ್ತದೆ. ಗೂಡಂಗಡಿಯಲ್ಲಿ ಸರದಂತೆ ನೇತು ಹಾಕಿರುವ ಒಂದು ರೂಪಾಯಿ ಪಾಕೀಟಿನಲ್ಲಿ 5 ಮಿಲಿ ಇದ್ದರೆ 100 ಮಿಲಿಗೆ 20 ರೂಪಾಯಿ ಆಯಿತು. ಅದೇ ಹೆಸರಿನ ಬಾಟಲಿಯನ್ನು ತಿರುಗಿಸಿ ಲೆಕ್ಕ ಹಾಕಿ, ಎಷ್ಟೋ ಸಲ ಅದರ ಎರಡು ಮೂರು ಪಟ್ಟು ಬೀಳುತ್ತದೆ. ಬಾಟಲಿ ಕೊಳ್ಳುವವರು ದರ ನೋಡುವುದಿಲ್ಲ, ಪಾಕೀಟು ಕೊಳ್ಳುವವರು ಒಂದು ರೂಪಾಯಿ ದಾಟುವುದಿಲ್ಲ. ಕಂಪನಿಗೆ ಇಬ್ಬರೂ ಗೊತ್ತು. ಐದು ರೂಪಾಯಿ ಬಿಸ್ಕತ್ತಿನದೂ ಹೀಗೇ, ಅಲ್ಲಿ ಐದು ಎಂಬ ಅಂಕಿ ಕಲ್ಲಿನಲ್ಲಿ ಕೆತ್ತಿದ್ದು, ಬದಲಾಗುವುದು ಗ್ರಾಂ.

ಸಂತೆ ಎಲ್ಲದರಲ್ಲೂ ಪ್ರಾಮಾಣಿಕ ಎಂದು ಹೊಗಳಿ ಕೂರುವ ಆಸೆ ನನಗಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಈಗ ಕಿಲೋ ದರ ಕೂಗುವವರು ಕಡಿಮೆಯಾಗಿದ್ದಾರೆ. 'ಕಾಲು ಇಪ್ಪತ್, ಕಾಲು ಇಪ್ಪತ್, ಬನ್ನಿ ಸಾ' ಎಂದು ಬೀನ್ಸ್ ಗುಡ್ಡೆಯ ಹಿಂದಿನಿಂದ ಕೂಗು. ಎಂಬತ್ತು ಎಂದು ಕೂಗಿದರೆ ಯಾರೂ ನಿಲ್ಲುವುದಿಲ್ಲ, ಇಪ್ಪತ್ತು ಅಂದರೆ ನಿಲ್ಲುತ್ತಾರೆ. 'ಕೆಜಿ ಎಷ್ಟಪ್ಪ?' ಎಂದು ಕೇಳಿ ನೋಡಿ, 'ಒಂದ್ ಕೆಜಿ ತಕ್ಕಂಡ್ರೆ ಎಪ್ಪತ್ ಮಾಡ್ಕೊಡ್ತೀನಿ' ಅನ್ನುತ್ತಾರೆ. ಕೇಳಿದ್ದಕ್ಕೇ ಹತ್ತು ರೂಪಾಯಿ ಇಳಿಯಿತು. ಇತ್ತ ಬೀದಿಯಲ್ಲಿ ಸ್ಪೀಕರ್ ಕಟ್ಟಿಕೊಂಡು ಬರುವ ಈರುಳ್ಳಿ ಆಟೊ ತದ್ವಿರುದ್ಧ, 'ನೂರಕ್ಕೆ ಮೂರು ಕೆಜಿ, ನೂರಕ್ಕೆ ಮೂರು ಕೆಜಿ'. ಮುನ್ನೂರನೇ ಸಲ ಕೇಳುವ ಹೊತ್ತಿಗೆ ಮೂರು ಕೆಜಿ ಈರುಳ್ಳಿ ಬೇಕೇ ಬೇಕು ಅನ್ನಿಸುತ್ತದೆ. ಇಬ್ಬರೇ ಇರುವ ಮನೆ, ಮಕ್ಕಳು ಬೆಂಗಳೂರಿನಲ್ಲಿ, ಮಳೆಗಾಲ. ಅರ್ಧ ಕೆಜಿ ಮೊಳಕೆ ಬಂದು ಇನ್ನರ್ಧ ಕೊಳೆತರೆ ನೂರಕ್ಕೆ ಸಿಕ್ಕಿದ್ದು ಎರಡು ಕೆಜಿ. ಆಗ ಕೆಜಿಗೆ ಐವತ್ತು. ಪಕ್ಕದ ಬೀದಿ ಅಂಗಡಿಯಲ್ಲಿ ನಲವತ್ತಕ್ಕೆ ಒಂದು ಕೆಜಿ ತರುವುದೇ ಸರಿ. ರಾಗಿ ಹಿಟ್ಟು ಐದು ಕೆಜಿ ಪೊಟ್ಟಣಕ್ಕೂ ಈ ಮಾತು ಹೊಂದುತ್ತದೆ, ಮುಗ್ಗಲು ಬಂದ ಹಿಟ್ಟಿನ ಮುದ್ದೆಯನ್ನು ಯಾವ ದರವೂ ರುಚಿ ಮಾಡುವುದಿಲ್ಲ.

ತೆಂಗಿನಕಾಯಿಯನ್ನು ಈಗ ಕೆಲವು ಕಡೆ ತೂಕಕ್ಕೆ ಮಾರುತ್ತಾರೆ, ಕೆಲವು ಕಡೆ ಕಾಯಿ ಲೆಕ್ಕಕ್ಕೆ. ತೂಕದಲ್ಲಿ ಚಿಪ್ಪು, ನೀರು ಎಲ್ಲ ಸೇರಿದೆ. ಕಾಯಿ ಲೆಕ್ಕದಲ್ಲಿ ನಮ್ಮ ಕೈಯ ಅಂದಾಜೇ ಗತಿ. ನನಗೆ ಕಾಯಿ ಲೆಕ್ಕವೇ ಇಷ್ಟ, ಅಲ್ಲಾಡಿಸಿ ನೋಡಿ ಆರಿಸುವ ಅವಕಾಶವಾದರೂ ಇದೆ.

ಕಾಫಿಪುಡಿಗೆ ಬರುವ ಹೊತ್ತಿಗೆ ಯೂನಿಟ್ ದರದ ಮೇಲಿನ ನನ್ನ ಭಕ್ತಿ ಸಡಿಲವಾಗುತ್ತದೆ. ನಮ್ಮ ಊರಿನಲ್ಲಿ ಕಣ್ಣೆದುರೇ ಬೀಜ ಪುಡಿ ಮಾಡಿಕೊಡುವ ಅಂಗಡಿಗಳಿವೆ, ಜೊತೆಗೆ ಚಿಕೋರಿ ಎಷ್ಟು ಎಂದು ಕೇಳುತ್ತಾರೆ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರಬೇಕು, ಪೊಟ್ಟಣದ ಮೇಲೆ ಪ್ರಮಾಣ ಬರೆಯಬೇಕು. ಒಂದು ಲೆಕ್ಕ ಮಾಡಿ ನೋಡೋಣ. 80:20ರ ಪುಡಿ ಕೆಜಿಗೆ 720, 60:40ರದು 600. ಚಿಕೋರಿ ಕೆಜಿಗೆ 200 ಎಂದು ಹಿಡಿಯಿರಿ. ಮೊದಲನೆಯದರಲ್ಲಿ 200 ಗ್ರಾಂ ಚಿಕೋರಿಯ 40 ರೂಪಾಯಿ ಕಳೆದರೆ 800 ಗ್ರಾಂ ಕಾಫಿಗೆ 680, ಅಂದರೆ ಕಾಫಿ ಕೆಜಿಗೆ 850. ಎರಡನೆಯದರಲ್ಲಿ 80 ಕಳೆದರೆ 600 ಗ್ರಾಮಿಗೆ 520, ಕೆಜಿಗೆ 867ರ ಹತ್ತಿರ. 120 ರೂಪಾಯಿ ಅಗ್ಗವಾಗಿ ಕಂಡ ಪುಡಿಯಲ್ಲಿ ಕಾಫಿ ತುಟ್ಟಿ. ಇಷ್ಟೆಲ್ಲ ಮಾಡಿ ಹೆಂಡತಿಯ ಮುಂದಿಟ್ಟರೆ, 'ಡಿಕಾಕ್ಷನ್ ಗಟ್ಟಿಯಾಗಿ ಇಳಿಯೋದು ಯಾವುದರಲ್ಲಿ?' ಎಂಬ ಪ್ರಶ್ನೆ. ಚಿಕೋರಿ ಜಾಸ್ತಿ ಇರುವುದರಲ್ಲೇ ಬಣ್ಣ ಗಟ್ಟಿ, ಡಿಕಾಕ್ಷನ್ ದಪ್ಪ. ಅವಳಿಗೆ ಹಾಗೇ ಬೇಕು. ಲೀಟರ್ ಡಿಕಾಕ್ಷನ್ನಿಗೆ ಎಷ್ಟು ಎಂಬ ಮೂರನೇ ಲೆಕ್ಕ ಶುರು ಮಾಡುವ ಮೊದಲು ಮಾತು ಬದಲಿಸುವುದು ಕ್ಷೇಮ.

ಮಲ್ಲಿಗೆಯದ್ದಂತೂ ಯಾವ ನಿಯಮಕ್ಕೂ ಸಿಗುವುದಲ್ಲ. ಮಾರಿನ ಲೆಕ್ಕ, ಕೈ ಚಾಚಿದಷ್ಟು. ಯಾರ ಕೈ ಎಂದರೆ ಮಾರುವವರ ಕೈ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತು ನೋಡಿ, ದರ ಏರುವುದು ಎಲ್ಲರಿಗೂ ಕಾಣುತ್ತದೆ. ಕಟ್ಟು ತೆಳ್ಳಗಾಗುವುದು ಹತ್ತಿರದಿಂದ ನೋಡಿದವರಿಗೆ ಮಾತ್ರ ಕಾಣುತ್ತದೆ. ಎರಡು ಗಂಟಿನ ನಡುವೆ ಮಾಮೂಲಿ ದಿನ ಮೊಗ್ಗು ಮೊಗ್ಗಿಗೆ ತಾಗಿರುತ್ತದೆ, ಹಬ್ಬಕ್ಕೆ ನಡುವೆ ದಾರ ಬಿಳಿಯಾಗಿ ಇಣುಕುತ್ತದೆ. ಮಾರು ಅಷ್ಟೇ ಉದ್ದ, ಮೊಗ್ಗು ಕಡಿಮೆ. ಹಾಲಿನ 50 ಮಿಲಿಗಿಂತ ಎಷ್ಟೋ ಹಳೆಯ ವಿದ್ಯೆ ಇದು. ಅದೇ ಸಾಲಿನಲ್ಲಿ ಬಿಡಿ ಮೊಗ್ಗನ್ನು ತೂಕಕ್ಕೂ ಮಾರುತ್ತಾರೆ, 100 ಗ್ರಾಮಿಗೆ ಇಷ್ಟು ಅಂತ. ತೂಗಿಸಿ ತಂದು ಮನೆಯಲ್ಲಿ ಕಟ್ಟಿಕೊಂಡರೆ ಲೆಕ್ಕ ಪಕ್ಕಾ. ನನಗೆ ಹೂ ಕಟ್ಟಲು ಬರುವುದಿಲ್ಲ, ಅಮ್ಮನಿಗೆ ಈಗ ದಾರ ಕಾಣುವುದಿಲ್ಲ, ಹೆಂಡತಿಗೆ ಹಬ್ಬದ ದಿನ ಪುರುಸೊತ್ತಿಲ್ಲ. ಎರಡು ಮಾರು ಕಟ್ಟಿದ್ದನ್ನೇ ತಂದೆವು, ಕೇಳಿದಷ್ಟು ಕೊಟ್ಟು.